ದಡದಲ್ಲಿ ಕಾದ ಸುದ್ದಿ

ಹೊಳೆಯ ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಇನ್ನೊಂದು ಊರು. ನಡುವಿನ ಹೊಳೆ ಎಷ್ಟು ಅಗಲವೆಂದರೆ, ಆಚೆಯವರು ಓಡಾಡುವುದು ಕಾಣುತ್ತಿತ್ತು, ಅವರ ಮುಖ ಕಾಣುತ್ತಿರಲಿಲ್ಲ.

ಈಚೆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಆಚೆ ದಡದಿಂದ ಬಂದ ಯಾವ ಸುದ್ದಿಯೂ ಜನರನ್ನು ನಗಿಸದೆ ಊರೊಳಗೆ ಬರುವಂತಿಲ್ಲ. ಈಗಿನ ದೊರೆಯ ಮುತ್ತಜ್ಜನ ಕಾಲದಲ್ಲಿ ಯಾವುದೋ ಸುದ್ದಿಯೊಂದು ನೆಟ್ಟಗೆ ಊರೊಳಗೆ ನುಗ್ಗಿ, ಜನ ಹೆದರಿ, ದೊರೆಯೂ ಹೆದರಿ ಮಂಚದ ಕೆಳಗೆ ಹೋಗಿ ಕೂತನಂತೆ. ಸುದ್ದಿ ಸುಳ್ಳೆಂದು ತಿಳಿದ ಮೇಲೂ ಹೊರಗೆ ಬರಲು ಅವನಿಗೆ ನಾಚಿಕೆ. ಮಂಚದ ಕೆಳಗಿನಿಂದಲೇ ಕಟ್ಟಳೆ ಹೊರಡಿಸಿದ: "ಇನ್ನು ಮುಂದೆ ಮೊದಲು ನಗು, ಆಮೇಲೆ ಸುದ್ದಿ."

ಹೀಗಾಗಿ ಸುದ್ದಿ ಬಂದರೆ ದಡದಲ್ಲೇ ಕಾಯಬೇಕಿತ್ತು. ಅದು ಕೂರಲೆಂದು ಅಲ್ಲಿ ಒಂದು ಚಪ್ಪರ ಹಾಕಿದ್ದರು. ದೋಣಿಯವನು ಇಳಿದು ದಡದ ಕಾವಲುಗಾರನ ಕಿವಿಯಲ್ಲಿ ಸುದ್ದಿ ಹೇಳುತ್ತಿದ್ದ. ಕಾವಲುಗಾರ ಬಂದು ಚಿತ್ರಗಾರನ ಕಿವಿಯಲ್ಲಿ ಹೇಳುತ್ತಿದ್ದ. ಹೇಳಿಯೂ ಹೇಳದಂತೆ, ಕೇಳಿಯೂ ಕೇಳದಂತೆ ಇರುವುದೇ ಅವರ ನೌಕರಿ. ಚಿತ್ರಗಾರ ತಾಮ್ರದ ತಗಡಿನ ಮೇಲೆ ಗೀರಿ ಗೀರಿ ಚಿತ್ರ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತುತ್ತಿದ್ದ. ಅಂಗಡಿಯಕ್ಕ ಆ ಕಾಗದವನ್ನು ತನ್ನ ಅಂಗಡಿಯ ಕಿಟಕಿಗೆ ತೂಗುಹಾಕುತ್ತಿದ್ದಳು. ಜನ ಬರುತ್ತಿದ್ದರು, ನೋಡುತ್ತಿದ್ದರು, ನಗುತ್ತಿದ್ದರು. ನಗು ದಡದವರೆಗೆ ಕೇಳಿಸಿದರೆ ಕಾವಲುಗಾರ ಜಾಗಟೆ ಬಾರಿಸುತ್ತಿದ್ದ. ಜಾಗಟೆ ಬಿದ್ದ ಮೇಲೆ ಸುದ್ದಿ ಊರಿನದು.

ಚಿತ್ರಗಾರ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆಯಲ್ಲಿ ಇರುತ್ತಿದ್ದ. ಅವನ ಕೈಗೆ ಸಿಕ್ಕ ಮೂಗು ಬೆಳೆಯುತ್ತಿತ್ತು, ಸಿಕ್ಕ ಗಲ್ಲ ಕರಗುತ್ತಿತ್ತು. ಒಮ್ಮೆ, ಆಚೆ ದಡದ ಸುದ್ದಿ ಬಾರದೆ ಬೇಸರವಾಗಿ, ಈಚೆ ದೊರೆಯನ್ನೇ ಕುಂಬಳಕಾಯಿ ಮಾಡಿ ಬರೆದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಮರುದಿನ ಮಂತ್ರಿ ಮಹಡಿ ಹತ್ತಿ ಬಂದ. ಬೈಯಲಿಲ್ಲ. "ಇನ್ನು ಮೇಲೆ ನಿನ್ನ ಊಟ ಅರಮನೆಯ ಅಡುಗೆಮನೆಯಿಂದ ಬರುತ್ತದೆ" ಎಂದಷ್ಟೇ ಹೇಳಿ ಇಳಿದುಹೋದ. ಊಟ ಬಂತು. ತುಪ್ಪ ಬಂತು, ಹೋಳಿಗೆ ಬಂತು. ಅಂದಿನಿಂದ ಚಿತ್ರಗಾರನಿಗೆ ಕುಂಬಳಕಾಯಿ ಬರೆಯುವುದೇ ಮರೆತುಹೋಯಿತು.

ಹೀಗಿರುವಾಗ ಒಂದು ಬೆಳಗ್ಗೆ ಕಾವಲುಗಾರ ಏದುಸಿರು ಬಿಡುತ್ತ ಬಂದು ಅವನ ಕಿವಿಗೆ ಬಾಯಿ ಹಚ್ಚಿದ.

"ಚಿತ್ರದಯ್ಯನವರೇ, ಆಚೆಯವರು ತಮ್ಮ ದೊರೆಯನ್ನು ಇಳಿಸಿಬಿಟ್ಟರಂತೆ."

"ಎಲ್ಲಿಂದ ಇಳಿಸಿದರು?"

"ಸಿಂಹಾಸನದಿಂದ. ರೊಟ್ಟಿ ಕೊಡು ಅಂತ ಕೇಳೋಕೆ ಹೋದರಂತೆ. ಅವನು ಕೊಡಲಿಲ್ಲವಂತೆ. ಇನ್ನು ಮೇಲೆ ನಾವೇ ದೊರೆಗಳು ಅಂತ ಕುಣೀತಿದ್ದಾರಂತೆ."

ಚಿತ್ರಗಾರ ಕಣ್ಣು ಮುಚ್ಚಿ ಕೂತ. ಆಮೇಲೆ ಒಂದೇ ಕಾಗದದಲ್ಲಿ ಇಬ್ಬರನ್ನು ಬರೆದ. ಆಚೆ ಬದಿಯಲ್ಲಿ ನುಗ್ಗೆಕಾಯಿಯಂಥ ಒಬ್ಬ ಮನುಷ್ಯ, ಮೈಮೇಲೆ ಚಿಂದಿ, ಹಸಿ ಈರುಳ್ಳಿ ಕಡಿಯುತ್ತ "ಆಹಾ, ನಾನೀಗ ಸ್ವತಂತ್ರ!" ಎನ್ನುತ್ತಿದ್ದಾನೆ. ಈಚೆ ಬದಿಯಲ್ಲಿ ಹಂಡೆಯಂಥ ಹೊಟ್ಟೆಯ ಒಬ್ಬ ಮನುಷ್ಯ, ಎದುರಿಗೆ ಗುಡ್ಡದಂಥ ಊಟ, ಬಾಯಿತುಂಬ ತುತ್ತಿಟ್ಟುಕೊಂಡು "ಅಯ್ಯೋ, ಈ ದೊರೆ ನಮ್ಮನ್ನು ಸುಲಿದು ತಿಂದ!" ಎಂದು ಅಳುತ್ತಿದ್ದಾನೆ.

ಊರು ನಕ್ಕಿತು. ನಗುತ್ತ ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ದೊರೆಯೂ ನಕ್ಕ. ನಕ್ಕು ಸುಧಾರಿಸಿಕೊಂಡು ಕೇಳಿದ: "ನಮ್ಮ ಜನ ಇಷ್ಟು ದಪ್ಪ ಇದ್ದಾರೆಯೆ?"

"ಇದ್ದಾರೆ ಪ್ರಭು, ಚಿತ್ರದಲ್ಲೇ ಇದೆಯಲ್ಲ" ಎಂದ ಮಂತ್ರಿ.

ಚಿತ್ರವನ್ನು ಊರಿನಲ್ಲಿ ನಾಲ್ಕು ದಾರಿ ಕೂಡುವ ಕಡೆಯಲ್ಲೆಲ್ಲ ಮೊಳೆ ಹೊಡೆದು ತೂಗುಹಾಕಿದರು. ಅದರ ಕೆಳಗೆ ಮಂತ್ರಿ ಒಂದು ಸಾಲು ಸೇರಿಸಿದ: "ತೆಳ್ಳಗಿರುವವನು ಆಚೆಯವನು, ದಪ್ಪಗಿರುವವನು ನಮ್ಮವನು."

ಇನ್ನೊಂದು ಸುದ್ದಿ ಬಂತು. ಆಚೆಯವರು ಇಳಿಸಿದ ದೊರೆಯ ತಲೆ ಕಡಿದರು. ಈ ಸುದ್ದಿಗೆ ನಗು ಸುಲಭವಾಗಿ ಹುಟ್ಟಲಿಲ್ಲ. ಅದು ಚಪ್ಪರದಲ್ಲಿ ಬಹಳ ಕಾಲ ಕಾಯಿತು. ಕಾವಲುಗಾರ ದಿನವೂ ಅದಕ್ಕೊಂದು ಚೊಂಬು ನೀರು ಇಡುತ್ತಿದ್ದ. ಕೊನೆಗೆ ಚಿತ್ರಗಾರ ಆಚೆಯವರ ರಾತ್ರಿಯೂಟ ಬರೆದ. ನುಗ್ಗೆಕಾಯಿ ಮನುಷ್ಯರೆಲ್ಲ ಪಂಕ್ತಿಯಲ್ಲಿ ಕೂತು ಶ್ರೀಮಂತರ ಕೈಕಾಲು ಕಡಿಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ, ಅರಮನೆಯ ಬಾಗಿಲಲ್ಲಿ ಮೊದಲು ಕೂಗಿದನೆಂದು ಕೇಳಿದ್ದ ಒಬ್ಬನನ್ನು ಕೂರಿಸಿದ. ಅವನ ಬಾಯನ್ನು ಕಿವಿಯಿಂದ ಕಿವಿಯವರೆಗೆ ಸೀಳಿದ. ಆ ಬಾಯಿ ಕಂಡು ಊರು ಎಷ್ಟು ನಕ್ಕಿತೆಂದರೆ, ಕಾವಲುಗಾರ ಜಾಗಟೆ ಬಾರಿಸಿ ಬಾರಿಸಿ ಅದರ ಅಂಚು ಸೀಳಿತು. ದೊರೆಯ ತಲೆ ಹೋದ ಸುದ್ದಿ ನಗುನಗುತ್ತ ಊರೊಳಗೆ ಬಂತು. ಯಾರೂ ಮಂಚದ ಕೆಳಗೆ ಹೋಗಲಿಲ್ಲ.

ಆದರೆ ದೊರೆಗೆ ಒಳಗೊಳಗೇ ಅಳುಕು. ಹೊಳೆಗೆ ಅಡ್ಡಲಾಗಿ ಸರಪಳಿ ಕಟ್ಟಿಸಿದ. ಸುದ್ದಿಯ ದೋಣಿಯೊಂದನ್ನು ಬಿಟ್ಟು ಬೇರಾವ ದೋಣಿಯೂ ದಾಟಕೂಡದು. ಕಾಳಿನ ದೋಣಿಗಳು ನಿಂತವು. ಊರಿನಲ್ಲಿದ್ದ ಕಾಳನ್ನೆಲ್ಲ, ಆಪತ್ತಿಗೆ ಬೇಕಾದೀತೆಂದು, ಅರಮನೆಯ ಕಣಜಕ್ಕೆ ತುಂಬಿಸಿದರು. ಜನರ ಅಡುಗೆಮನೆಗಳಲ್ಲಿ ಮೊದಲು ಡಬ್ಬಗಳು ಖಾಲಿಯಾದವು, ಆಮೇಲೆ ಮಡಕೆಗಳು, ಆಮೇಲೆ ಮಾತು. ಜನ ತೆಳ್ಳಗಾದರು.

ತೆಳ್ಳಗಾದವರನ್ನು ಕಂಡಲ್ಲಿ ಹಿಡಿಯುವುದು ಕಾವಲಿನವರ ಕೆಲಸವಾಯಿತು.

"ಸ್ವಾಮಿ, ನಾನು ಈ ಬೀದಿಯವನೇ. ನಿಮ್ಮ ಮನೆಯ ಹಿಂದಿನ ಮನೆ."

"ಇರಬಹುದು. ಆದರೆ ಚಿತ್ರದಲ್ಲಿ ಹಾಗಿಲ್ಲವಲ್ಲ."

ಹೀಗೆ ಹಿಡಿದವರನ್ನು ಕೋಟೆಗೆ ಹಾಕಿದರು. ಕೋಟೆಯಲ್ಲಿ ಊಟವಿಲ್ಲದೆ ಅವರು ಇನ್ನಷ್ಟು ತೆಳ್ಳಗಾಗಿ, ಆಚೆಯವರೆಂಬುದು ಇನ್ನಷ್ಟು ಖಚಿತವಾಯಿತು.

ಆಗ ಯಾರೋ ಒಬ್ಬಳು ಗೃಹಿಣಿ ಗಂಡನ ಹೊಟ್ಟೆಗೆ ದಿಂಬು ಕಟ್ಟಿ ಸಂತೆಗೆ ಕಳಿಸಿದಳು. ಅವನು ಕ್ಷೇಮವಾಗಿ ಮರಳಿ ಬಂದ. ಮರುದಿನ ಬೀದಿಯೆಲ್ಲ ದಿಂಬು. ಹತ್ತಿ ಮುಗಿದ ಮೇಲೆ ಹಳೆ ಸೀರೆ, ಹಳೆ ಸೀರೆ ಮುಗಿದ ಮೇಲೆ ಒಣಹುಲ್ಲು. ಸ್ವಂತ ಹೊಟ್ಟೆ ಬೆನ್ನಿಗೆ ಹತ್ತಿದಷ್ಟೂ ಕಟ್ಟಿದ ಹೊಟ್ಟೆ ಮುಂದಕ್ಕೆ ಬಂತು. ಎದುರಾದವರು ಹೊಟ್ಟೆಗೆ ಹೊಟ್ಟೆ ತಾಗಿಸಿ "ಊಟ ಆಯ್ತೆ?" "ಆಯ್ತಾಯ್ತು, ಹೆಚ್ಚೇ ಆಯ್ತು" ಎಂದು ಹೇಳಿಕೊಳ್ಳುವುದು ಮರ್ಯಾದೆಯಾಯಿತು. ದೊರೆ ಪಲ್ಲಕ್ಕಿಯಲ್ಲಿ ಹೋಗುವಾಗ ಎರಡೂ ಬದಿಗೆ ಹೊಟ್ಟೆಗಳ ಸಾಲು ನೋಡಿ ಕಣ್ಣೊರೆಸಿಕೊಂಡ. "ಎಂಥ ಸುಭಿಕ್ಷ!" ಎಂದ.

ಇಡೀ ಊರಿನಲ್ಲಿ ದಿಂಬಿಲ್ಲದ ಹೊಟ್ಟೆ ಎಂದರೆ ಅರಮನೆಯವರದು ಮತ್ತು ಚಿತ್ರಗಾರನದು. ಅವನಿಗೆ ಇದೊಂದೂ ಗೊತ್ತಿರಲಿಲ್ಲ. ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೆ ತಲೆಗಳು ಮತ್ತು ಹೊಟ್ಟೆಗಳು ಮಾತ್ರ ಕಾಣುತ್ತಿದ್ದವು. ಅಂಗಡಿಯಕ್ಕನಿಗೆ ಒಮ್ಮೆ ಹೇಳಿದ ಕೂಡ:

"ಅಕ್ಕಾ, ನೀವೂ ಚೆನ್ನಾಗಿ ಮೈ ತುಂಬಿಕೊಂಡಿದ್ದೀರಿ."

ಅಂಗಡಿಯಕ್ಕ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಹೌದು ತಮ್ಮಾ. ಹತ್ತಿ ಒಳ್ಳೇದು ಸಿಕ್ತು" ಎಂದಳು. ಅವನು ಅದನ್ನು ತಮಾಷೆ ಎಂದುಕೊಂಡ.

ಆ ದಿನಗಳಲ್ಲೇ ಸುದ್ದಿಯ ದೋಣಿಯಲ್ಲಿ ಸುದ್ದಿಯ ಬದಲು ಒಬ್ಬ ಹೆಂಗಸು ಬಂದಳು.

ನಡುವಯಸ್ಸಿನವಳು, ಅಗಲ ಭುಜದವಳು, ಗುಂಡಗೆ ಗಟ್ಟಿಮುಟ್ಟಾಗಿದ್ದಳು. ಬಗಲಲ್ಲಿ ಒಂದು ರೊಟ್ಟಿಯ ಹಂಚು. ಕಾವಲುಗಾರ ಅವಳನ್ನು ಮೇಲಿನಿಂದ ಕೆಳಗೆ ನೋಡಿ ದಾರಿ ಬಿಟ್ಟ.

"ಹೋಗು ತಾಯಿ. ನೀನು ನಮ್ಮವಳು."

"ಅಲ್ಲಪ್ಪಾ, ನಾನು ಆಚೆಯವಳು."

"ದಪ್ಪ ಇದ್ದೀಯಲ್ಲ."

"ರೊಟ್ಟಿ ಸುಡೋಳು ದಪ್ಪ ಇರದೆ ಇನ್ನೇನು? ನಮ್ಮವ್ವನೂ ಹೀಗೇ ಇದ್ದಳು."

"ಸುಮ್ಮನೆ ನಮ್ಮವಳು ಅಂತ ಹೇಳಿ ಒಳಗೆ ಹೋಗಿಬಿಡು ತಾಯಿ. ನನಗೂ ಕಷ್ಟ, ನಿನಗೂ ಕಷ್ಟ."

"ಹುಟ್ಟಿದ ದಡವನ್ನ ಇಲ್ಲ ಅನ್ನೋಕಾಗುತ್ತದೆಯೆ?" ಎಂದು ಅವಳು ಚಪ್ಪರದ ಕೆಳಗೆ ಹೋಗಿ ಕೂತಳು.

ಕಾವಲುಗಾರನಿಗೆ ತಲೆ ಕೆಟ್ಟಿತು. ಆಚೆಯಿಂದ ಬಂದದ್ದು ನಗಿಸದೆ ಒಳಗೆ ಬರುವಂತಿಲ್ಲ. ಸುದ್ದಿಗಾದರೂ ಅಷ್ಟೇ, ಹೆಂಗಸಿಗಾದರೂ ಅಷ್ಟೇ. ಚಿತ್ರಗಾರನನ್ನು ಕರೆತಂದ. ಎಷ್ಟೋ ಕಾಲದ ಮೇಲೆ ಚಿತ್ರಗಾರ ಮಹಡಿ ಇಳಿದು ದಡಕ್ಕೆ ಬಂದಿದ್ದ. ಆಚೆಯವರನ್ನು ಅಷ್ಟೊಂದು ಬರೆದಿದ್ದರೂ ಒಬ್ಬರನ್ನೂ ಹತ್ತಿರದಿಂದ ನೋಡಿರಲಿಲ್ಲ. ಅವಳೆದುರು ಕೂತ. ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಮೂಗು ಮೂಗಿನಷ್ಟೇ ಇತ್ತು.

"ನಿನ್ನ ಹೆಸರು?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ತಾನು ಬರೆದ ಆಚೆಯವರಿಗೆಲ್ಲ ಹೆಸರಿರಬಹುದೆಂದು ಅವನಿಗೆ ಆಗಲೇ ಹೊಳೆದದ್ದು.

"ಕೆಂಚವ್ವ."

"ಯಾಕೆ ಬಂದೆ ಕೆಂಚವ್ವಾ?"

"ಇರೋಕೆ ಆಗಲಿಲ್ಲ, ಬಂದೆ. ರೊಟ್ಟಿ ಕೊಡು ಅಂತ ಅರಮನೆ ಬಾಗಿಲಲ್ಲಿ ಮೊದಲು ಕೂಗಿದವನು ನನ್ನ ಗಂಡ. ದೊರೆ ಹೋದ. ಎಲ್ಲರೂ ಕುಣಿದರು, ನಾನೂ ಕುಣಿದೆ. ಆಮೇಲೆ ದೊರೆಯ ಜಾಗದಲ್ಲಿ ಯಾರು ಯಾರೋ ಕೂತರು. ರೊಟ್ಟಿ ಇನ್ನೂ ಬಂದಿಲ್ಲವಲ್ಲ ಅಂತ ನನ್ನ ಗಂಡ ಅವರ ಬಾಗಿಲಲ್ಲೂ ಕೂಗಿದ. ಎಳಕೊಂಡು ಹೋದರು. ದೊರೆ ತಲೆ ಕಡಿದ ಕತ್ತಿಯಲ್ಲೇ ಅವನದನ್ನೂ ಕಡಿದರು. ಈಗ ನನ್ನನ್ನೂ ಹುಡುಕುತ್ತಿದ್ದಾರೆ."

ಚಿತ್ರಗಾರ ಬರೆಯಲು ಹಿಡಿದಿದ್ದ ಕಡ್ಡಿಯನ್ನು ಕೆಳಗಿಳಿಸಿದ. ಕಿವಿಯಿಂದ ಕಿವಿಯವರೆಗೆ ತಾನು ಸೀಳಿದ ಆ ಬಾಯಿ ಅವನ ಕಣ್ಣಿಗೆ ಕಟ್ಟಿತು. ಅವಳು ಅವನ ಮುಖ ನೋಡಿ, "ನಿನಗೇನಾಯ್ತಪ್ಪಾ?" ಎಂದಳು. ಅವನು ತಲೆ ತಗ್ಗಿಸಿ ಬರೆಯತೊಡಗಿದ.

ಮೊದಲು ಅವಳನ್ನು ನುಗ್ಗೆಕಾಯಿ ಮಾಡಿ ಬರೆದ. ಅಂಗಡಿಯಕ್ಕ ಅದನ್ನು ಕಿಟಕಿಗೆ ತೂಗುಹಾಕಿದಳು. ಜನ ಚಿತ್ರ ನೋಡಿ, ದಡಕ್ಕೆ ಬಂದು ಹೆಂಗಸನ್ನು ನೋಡಿ, ಮತ್ತೆ ಹೋಗಿ ಚಿತ್ರ ನೋಡಿದರು. ನಗಲಿಲ್ಲ. ಇದ್ದಂತೆಯೇ ದಪ್ಪಗೆ ಬರೆದ. "ಇವಳು ನಮ್ಮ ಅತ್ತೆಯ ಹಾಗಿದ್ದಾಳೆ" ಎಂದು ಒಬ್ಬ ಅತ್ತುಬಿಟ್ಟ. ಬಾಯಿಗೆ ಹಲ್ಲು, ತಲೆಗೆ ಹಾವು, ಕೈಗೆ ಕತ್ತಿ ಕೊಟ್ಟು ಬರೆದ. ಆ ಕತ್ತಿ ಹಿಡಿದ ಕೈ ರೊಟ್ಟಿ ತಟ್ಟುವ ಕೈಯಂತೆಯೇ ಬಂತು. ಯಾರೂ ನಗಲಿಲ್ಲ.

ಕೆಂಚವ್ವ ಚಪ್ಪರದಲ್ಲಿ ಕಾದಳು. ಯಾರೂ ಹತ್ತಿರ ಹೋಗದಂತೆ ಕಾವಲುಗಾರ ಕಟ್ಟಿದ್ದ ಹಗ್ಗದ ಈಚೆಗೆ ದಿನದಿನಕ್ಕೂ ಜನ ಹೆಚ್ಚಿದರು. ಅವಳನ್ನು ನೋಡಲೆಂದು ಬರುತ್ತಿದ್ದರೋ, ಅವಳ ಬಗಲಿನ ಹಂಚು ನೋಡಲೆಂದು ಬರುತ್ತಿದ್ದರೋ ಹೇಳುವುದು ಕಷ್ಟ. ಮಂತ್ರಿಯಿಂದ ಹೇಳಿಕೆ ಬಂತು: "ಇಂದು ಸಂಜೆಯೊಳಗೆ ಅವಳು ನಗಿಸದಿದ್ದರೆ ದೋಣಿಗೆ ಹತ್ತಿಸಿ ವಾಪಸು ಕಳಿಸಿ." ವಾಪಸು ಹೋದರೆ ಅಲ್ಲಿ ಕತ್ತಿ ಕಾದಿತ್ತು. ಇದು ಚಿತ್ರಗಾರನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಅಕ್ಕಾ, ನನ್ನ ಕೈಯಲ್ಲಿ ಆಗುವುದಿಲ್ಲ" ಎಂದ ಅವನು, ದಡಕ್ಕೆ ಬಂದಿದ್ದ ಅಂಗಡಿಯಕ್ಕನಿಗೆ. "ಇವಳಲ್ಲಿ ನಗುವಂಥದ್ದೇನೂ ಇಲ್ಲ."

"ನಮ್ಮಲ್ಲಿ ಇದೆಯೇನೋ, ನೋಡು" ಎಂದಳು ಅಂಗಡಿಯಕ್ಕ.

ಅಷ್ಟರಲ್ಲಿ ಮಳೆ ಬಂತು. ಹನಿಯಲ್ಲ, ಮುಗಿಲು ಮಗುಚಿದಂಥ ಮಳೆ. ಚಪ್ಪರದ ಕೆಳಗೆ ಕೆಂಚವ್ವ ನೆನೆಯಲಿಲ್ಲ. ಹಗ್ಗದ ಈಚೆ ನಿಂತ ಊರೆಲ್ಲ ನೆನೆಯಿತು. ಹತ್ತಿ ನೀರು ಕುಡಿಯಿತು, ಸೀರೆ ನೀರು ಕುಡಿಯಿತು, ಹುಲ್ಲು ನೀರು ಕುಡಿಯಿತು. ಊರಿನ ಹೊಟ್ಟೆಗಳೆಲ್ಲ ಒಟ್ಟಿಗೇ ಕೆಳಗಿಳಿಯತೊಡಗಿದವು. ಸೊಂಟಕ್ಕೆ ಇಳಿದವು, ತೊಡೆಗೆ ಇಳಿದವು, ಮಂಡಿಯ ನಡುವೆ ಜೋತಾಡಿದವು. ಜನ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಮೇಲೆತ್ತುವರು, ಅದು ಮತ್ತೆ ಜಾರುವುದು. ಊರಿನ ಪಂಡಿತರ ಹೊಟ್ಟೆ ಬೆನ್ನಿಗೆ ಹೋಗಿ ನಿಂತಿತು. ಒಬ್ಬ ಕಾವಲಿನವನ ಹೊಟ್ಟೆಯಿಂದ ಹುಲ್ಲು ಉದುರಿ, ಎಲ್ಲಿಂದಲೋ ಬಂದ ಆಡೊಂದು ಅದನ್ನು ಮೇಯತೊಡಗಿತು.

ಕೆಂಚವ್ವ ಎದ್ದು ನಿಂತಳು. ಮೊದಲು ಬಾಯಿಗೆ ಸೆರಗು ಒತ್ತಿದಳು, ತಡೆಯಲಿಲ್ಲ. ಗಂಡ ಸತ್ತ ಮೇಲೆ ಮೊದಲ ಸಲ ನಕ್ಕಳು. ಕಂಬ ಹಿಡಿದು ನಕ್ಕಳು. ನಗುತ್ತ ನಗುತ್ತಲೇ ಆ ಹೊಟ್ಟೆಗಳ ಹಿಂದಿನ ಪಕ್ಕೆಲುಬುಗಳು ಅವಳ ಕಣ್ಣಿಗೆ ಬಿದ್ದವು. ನಗು ಬಾಯಲ್ಲಿರುವಾಗಲೇ ಕೂಗಿದಳು:

"ಅಯ್ಯಯ್ಯೋ, ನೀವೆಲ್ಲ ಹಸಿದಿದ್ದೀರಿ!"

ದಡದಲ್ಲಿ ನಗು ಕೇಳಿಸಿತು. ಕಾವಲುಗಾರನ ಕೈ ರೂಢಿಯಂತೆ ಎದ್ದಿತು. ಅವನು ತನ್ನೊಳಗೇ ವಿಚಾರ ಮಾಡಿದ. ಮಾತು ಆಚೆ ದಡದಿಂದ ಬಂದವಳದು. ಜೊತೆಗೆ ನಗು ಇದೆ. ಯಾರು ನಗಬೇಕು ಎಂದು ಕಟ್ಟಳೆ ಹೇಳಿಲ್ಲ. ಜಾಗಟೆ ಬಾರಿಸಿದ.

ಹೀಗೆ, ಊರು ಹಸಿದಿದೆ ಎಂಬ ಸುದ್ದಿ ಕಟ್ಟಳೆಯ ಪ್ರಕಾರ ಊರೊಳಗೆ ಬಂತು.

ಜನ ಬಗ್ಗಿ ತಮ್ಮನ್ನು ತಾವೇ ನೋಡಿಕೊಂಡರು. ಅಂಗಡಿಯಕ್ಕ ಮೊದಲು ಗಂಟು ಬಿಚ್ಚಿದಳು. ಒದ್ದೆ ದಿಂಬು ದೊಪ್ಪನೆ ಕೆಸರಿಗೆ ಬಿತ್ತು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಚಿತ್ರಗಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಅವನ ನುಗ್ಗೆಕಾಯಿ ಮನುಷ್ಯರೇ. ಅವರು ಅವನ ಹೊಟ್ಟೆಯನ್ನು ನೋಡಿದರು, ಗಂಟು ಬಿಚ್ಚುತ್ತಾನೇನೋ ಎಂದು ಕಾದರು. ಅದು ಬಿಚ್ಚುವಂಥದ್ದಲ್ಲ ಎಂದು ತಿಳಿದು ಮುಂದೆ ನಡೆದರು.

ಊರು ಅರಮನೆಯ ಮುಂದೆ ಹೋಗಿ ನಿಂತಿತು. ಮಂತ್ರಿ ಹೊರಗೆ ಬಂದ.

"ಸುದ್ದಿ ಊರಿಗೆ ಬಂದಿರಬಹುದು, ಅರಮನೆಗೆ ಬಂದಿಲ್ಲ. ದೊರೆಗಳು ನಗದೆ ಇದು ಒಳಗೆ ಬರುವಂತಿಲ್ಲ. ಕಟ್ಟಳೆ ಅಂದರೆ ಕಟ್ಟಳೆ."

ಚಿತ್ರಗಾರನನ್ನು ಒಳಗೆ ಕರೆದೊಯ್ದು ದೊರೆಯ ಮೇಲುಪ್ಪರಿಗೆಯಲ್ಲಿ ಕೂರಿಸಿದರು. "ಇವರನ್ನು ನಗು ಬರುವಂತೆ ಬರಿ" ಎಂದ ದೊರೆ. ಚಿತ್ರಗಾರ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದ.

ದೊರೆ ಕಾಗದ ಹಿಡಿದು ತಿರುವಿದ, ದೂರ ಹಿಡಿದ, ಹತ್ತಿರ ಹಿಡಿದ.

"ಇವರು ಆಚೆಯವರು ತಾನೆ?"

"ಅಲ್ಲ ಪ್ರಭು. ಈಚೆಯವರು."

"ನಗು ಬರುವುದಿಲ್ಲವಲ್ಲ."

"ಬರೆಯುವಾಗ ನನಗೂ ಬರಲಿಲ್ಲ ಪ್ರಭು."

"ಇಷ್ಟು ದಿನ ಅನ್ನ ಹಾಕಿದ್ದಕ್ಕೆ ಇದೇನೋ?"

"ಇಷ್ಟು ದಿನ ಉಂಡದ್ದಕ್ಕೇ ಇದು ಪ್ರಭು. ಇವರು ನನಗೆ ಕಂಡಿರಲಿಲ್ಲ."

ದೊರೆ ನಗಲು ಪ್ರಯತ್ನಿಸಿದ. "ಹ" ಎಂದ. ಮುಂದೆ ಹೋಗಲಿಲ್ಲ. ಮಂತ್ರಿ ನವಿಲುಗರಿ ತರಿಸಿ ಅಂಗಾಲಿಗೆ ಕಚಗುಳಿಯಿಟ್ಟ. ರಾಣಿ ಹಳೆಯ ಚಿತ್ರಗಳನ್ನು ತಂದು ಮುಂದೆ ಹರವಿದಳು. "ಹ... ಹ..." ಎಂದು ದೊರೆ ಅಳುವ ದನಿಯಲ್ಲಿ ಒದರಿದ. ಈ ಗದ್ದಲದಲ್ಲಿ ಚಿತ್ರಗಾರ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದ. ಅಲ್ಲಿ ತನಗೆಂದು ಮುಚ್ಚಿಟ್ಟಿದ್ದ ತಟ್ಟೆಯನ್ನು ದಾಟಿಕೊಂಡೇ ಬಂದ.

ಹೊರಗೆ ಅಂಗಡಿಯಕ್ಕ ಕಣಜದ ಕಾವಲಿನವನ ಮುಂದೆ ನಿಂತಿದ್ದಳು.

"ಸುದ್ದಿ ಒಳಗೆ ಬಾರದೆ ಬಾಗಿಲು ತೆಗೆಯುವ ಹಾಗಿಲ್ಲ ತಾಯಿ."

"ಸುದ್ದಿ ಒಳಗೆ ಬರೋದು ಬೇಡಪ್ಪಾ. ಕಟ್ಟಳೆ ಇರೋದು ಒಳಗೆ ಬರೋದಕ್ಕೆ. ಕಾಳು ಹೊರಗೆ ಬರೋದಕ್ಕೆ ಏನಾದರೂ ಕಟ್ಟಳೆ ಇದೆಯೆ?"

ಕಾವಲಿನವನು ಆಕಾಶ ನೋಡಿದ, ಭೂಮಿ ನೋಡಿದ. ಅವನ ದಿಂಬೂ ಕೆಸರಲ್ಲೇ ಬಿದ್ದಿತ್ತು. "ಹಾಗೇನೂ ಇಲ್ಲವಲ್ಲ!" ಎಂದು ತಾನೇ ಬೆರಗಾಗಿ ಬೀಗ ತೆಗೆದ. ಜೋಳ ಹೊರಗೆ ಬಂತು. ಕೋಟೆಯ ಬೀಗಕ್ಕೂ ಅದೇ ಮಾತು ಅನ್ವಯಿಸಿತು. ಒಳಗಿದ್ದವರು ಹೊರಗೆ ಬಂದರು, ಕೆಲವರು ಹೆಗಲ ಮೇಲೆ ಬಂದರು. ಉಸಿರು ನಿಂತು ಅಲ್ಲೇ ಉಳಿದವರೂ ಇದ್ದರು.

ದೊರೆಯ ತಲೆಯನ್ನು ಯಾರೂ ಕೇಳಲಿಲ್ಲ. ಅವನು ನಗುವುದನ್ನು ಕಲಿಯುತ್ತ ಒಳಗೇ ಇದ್ದಾನೆಂದು ಹೇಳುತ್ತಾರೆ. ಆ ಬೀದಿಯಲ್ಲಿ ಹೋಗುವಾಗ ಈಗಲೂ ಒಮ್ಮೊಮ್ಮೆ "ಹ" ಎಂದು ಕೇಳುವುದುಂಟು.

ಮಾರನೆಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ಒಲೆಗಳು ಹೊತ್ತಿದವು. ಬೀಸುವವರು ಬೀಸಿದರು, ಕೆಂಚವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ರೊಟ್ಟಿ ತಟ್ಟಿದಳು. ಸಾಲಿನ ತುದಿಯಲ್ಲಿ ಚಿತ್ರಗಾರನೂ ನಿಂತ. ಅರಮನೆಯ ಊಟ ಶುರುವಾದ ಮೇಲೆ ಮೊದಲ ಬಾರಿಗೆ ಅವನಿಗೆ ಹಸಿವಾಗಿತ್ತು. ಅವನ ಸರದಿ ಬಂದಾಗ ಅವಳು ಕೈ ನಿಲ್ಲಿಸಿದಳು.

"ಕಾಗದ ಇದೆಯೆ?"

"ಇದೆ."

"ನನ್ನ ಗಂಡನ ಮುಖ ಬರೆದುಕೊಡು. ಮರೆತುಹೋಗುತ್ತೆ ಅಂತ ಭಯ."

ಅವನು ಒಲೆಯ ಪಕ್ಕದಲ್ಲಿ ಕೂತು ಇದ್ದಿಲ ಚೂರಿನಿಂದ ಬರೆದ. ಕೈ ತಾನಾಗಿಯೇ ಬಾಯನ್ನು ಕಿವಿಯ ಕಡೆಗೆ ಎಳೆಯಿತು.

"ಬಾಯಿ ಅಷ್ಟು ದೊಡ್ಡದಿರಲಿಲ್ಲ" ಎಂದಳು ಕೆಂಚವ್ವ.

ಅಳಿಸಿ ಮತ್ತೆ ಬರೆದ.

"ಇನ್ನೂ ಚಿಕ್ಕದು. ಕೂಗುತ್ತಿದ್ದನೇ ಹೊರತು, ಬಾಯಿ ಸಾಧಾರಣದ್ದು. ಎಡಗಡೆ ಹುಬ್ಬಿನ ಹತ್ತಿರ ಕಿಡಿ ಸಿಡಿದ ಕಲೆ. ಕಣ್ಣು ಸ್ವಲ್ಪ ನಿದ್ದೆ ತುಂಬಿದ ಹಾಗೆ. ರಾತ್ರಿಯೆಲ್ಲ ಬೆಳಗಾನ ಹಿಟ್ಟು ನಾದುತ್ತಿದ್ದನಲ್ಲ."

ಅವಳು ಹೇಳಿದಳು, ಅವನು ಬರೆದ. ಅಳಿಸಿದ, ಬರೆದ. ಸಾಲಿನಲ್ಲಿದ್ದವರು ಅವಸರ ಮಾಡಲಿಲ್ಲ. ಏನನ್ನೂ ಬೆಳೆಸದೆ, ಏನನ್ನೂ ಕರಗಿಸದೆ ಒಂದು ಮುಖ ಬರೆಯುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಬೆವರು ಹಣೆಯಿಂದ ಕಾಗದಕ್ಕೆ ಹನಿಯಿತು.

ಕೊನೆಗೆ ಕೆಂಚವ್ವ ಮಾತು ನಿಲ್ಲಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಮುಟ್ಟದೆ, ಬಗ್ಗಿ ನೋಡಿದಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಾರೋ ಅದನ್ನು ಮಗುಚಿ ಹಾಕಿದರು.

"ಇವನೇ" ಎಂದಳು.

ಚಿತ್ರಗಾರ ಇದ್ದಿಲನ್ನು ಮತ್ತೆ ಕಾಗದಕ್ಕೆ ಹಿಡಿದು ಕೇಳಿದ: "ಕೆಳಗೆ ಏನು ಬರೆಯಲಿ?"

"ಹೆಸರು ಬರಿ. ದ್ಯಾಮಣ್ಣ."

ಅವನು ಬರೆದ.